ಯಾರೂ ಮಾಡದ ಕೆಲಸಕ್ಕೆ ಒಂದು ಹುದ್ದೆ

ಆಸ್ಪತ್ರೆಯ ಪರಿಚಾರಕನ ಸರದಿ ಬಂದಾಗ ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾಗಿತ್ತು. ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿ ನಾನೊಬ್ಬಳೇ ಮೇಜು ಹಾಕಿಕೊಂಡು ಕುಳಿತಿದ್ದೆ. ಬೇರೆ ಬೇರೆ ಇಲಾಖೆಗಳು ಕಳಿಸಿದ ಗ್ರೂಪ್ ಡಿ ನೌಕರರು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು. ಸರ್ಕಾರಿ ಹುದ್ದೆಗಳನ್ನು ಹೊಸದಾಗಿ ವರ್ಗೀಕರಿಸಿ ವೇತನ ಶ್ರೇಣಿ ನಿಗದಿ ಮಾಡಲು ಒಂದು ಸಮಿತಿ ರಚನೆಯಾಗಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳ ಕೆಳಹಂತದ ಹುದ್ದೆಗಳನ್ನು ಪರಿಶೀಲಿಸುವ ಕೆಲಸ, ಬೇರೆ ಇಲಾಖೆಯಿಂದ ಸಮಿತಿಗೆ ಎರವಲಾಗಿ ಬಂದ ಕ್ಷೇತ್ರಾಧಿಕಾರಿಯಾದ ನನ್ನ ಪಾಲಿಗೆ ಬಂದಿತ್ತು. ನಾನು ಹುಟ್ಟಿ ಬೆಳೆದ ಸೀಮೆ ಅದು. ಬೇಗ ಮುಗಿಸಬಹುದು ಎಂದುಕೊಂಡಿದ್ದೆ.

ಈ ಘಟನೆ ಐದರಲ್ಲಿ ಯಾವ ಊರಿನದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ತಪ್ಪು ಆ ಒಂದೇ ಊರಿನದು ಎಂದಾಗುತ್ತದೆ.

ನಮ್ಮ ವಿಧಾನ ಸರಳವಾಗಿತ್ತು. ಪ್ರತಿ ಹುದ್ದೆಗೂ ಒಂದು ಹಾಳೆ. ಎಡಗಡೆ ಆ ಹುದ್ದೆಗೆ ನಿಯಮದಲ್ಲಿ ಗೊತ್ತುಪಡಿಸಿದ ಕೆಲಸ, ಬಲಗಡೆ ನೌಕರ ನಿಜವಾಗಿ ಮಾಡುವ ಕೆಲಸ. ಕೆಳಗೆ ಕೌಶಲ, ಹೊಣೆಗಾರಿಕೆ, ದೈಹಿಕ ಶ್ರಮ, ಕೆಲಸದ ಪರಿಸರ ಎಂದು ಅಂಕ ಕೊಡುವ ಕಲಂಗಳು. ನೌಕರನ ಸಹಿ, ಅವನ ಮೇಲಧಿಕಾರಿಯ ಸಹಿ. ಅಂಕಗಳ ಮೇಲೆ ಹುದ್ದೆ ಯಾವ ವರ್ಗಕ್ಕೆ ಸೇರಬೇಕು ಎಂದು ತೀರ್ಮಾನ. ಯಾವ ವರ್ಗಕ್ಕೂ ಸೇರದವರನ್ನೆಲ್ಲ ‘ಬಹುಕಾರ್ಯ ಸಹಾಯಕ’ ಎಂಬ ಒಂದೇ ಹೆಸರಿನಡಿ ತಂದು, ಎಲ್ಲಕ್ಕಿಂತ ಕೆಳಗಿನ ಶ್ರೇಣಿಯಲ್ಲಿ ಇಡಬೇಕೆಂಬುದು ಸಮಿತಿಯ ಯೋಚನೆ.

ಪರಿಚಾರಕ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಐವತ್ತರ ಆಸುಪಾಸಿನ ಗಟ್ಟಿ ಆಳು. ಅವನ ಬೆನ್ನಿಗೇ ಆಸ್ಪತ್ರೆಯ ಕಚೇರಿ ಅಧೀಕ್ಷಕರು ನಿಂತಿದ್ದರು.

“ಏನೇನು ಕೆಲಸ ಮಾಡ್ತೀರಿ?” ಎಂದೆ.

“ಗೇಟ್ ಕಾಯ್ತೀನ್ರಿ. ಚೀಟಿ ಕೊಡೋ ಕಡಿ ಲೈನ್ ನಿಂದ್ರಸ್ತೀನ್ರಿ. ಕಸ ಹೊಡಿತೀನ್ರಿ.”

“ಮತ್ತ?”

ಅವನು ಹಿಂದೆ ತಿರುಗಿ ಅಧೀಕ್ಷಕರ ಮುಖ ನೋಡಿದ. “ಅಷ್ಟ ನೋಡ್ರಿ.”

ನಾನು ಬರೆದುಕೊಂಡೆ. ದ್ವಾರಪಾಲನೆ, ಸರತಿ ನಿಯಂತ್ರಣ, ಸ್ವಚ್ಛತೆ. ಅಂಕ ಹಾಕುವುದರಲ್ಲಿದ್ದೆ, ಅಧೀಕ್ಷಕರ ಫೋನು ಬಡಿದುಕೊಂಡಿತು. ಅವರು ಪಕ್ಕಕ್ಕೆ ಹೋಗಿ ಮಾತಾಡಿ ಬಂದು, “ಮೇಡಂ, ಇವನ್ನ ಸ್ವಲ್ಪ ಲಗೂನ ಬಿಡಬೇಕ್ರಿ. ಪೊಲೀಸ್ನೋರು ಬಾಡಿ ತಂದಾರ. ಪಿ.ಎಂ. ಐತಿ,” ಎಂದರು.

“ಶವಪರೀಕ್ಷೆ ಮಾಡೋರು ಡಾಕ್ಟರಲ್ಲೇನ್ರಿ?”

“ಹೌದ್ರಿ, ಡಾಕ್ಟರ್ ಸಾಹೇಬ್ರು ಆಗ್ಲೇ ಬಂದು ನಿಂತಾರ. ಇವ ಹೋಗದ ಚಾಲೂ ಆಗಂಗಿಲ್ರಿ.”

ಹೇಳಿದ ಮೇಲೆ ತಾವು ಹೇಳಿದ್ದೇನು ಎಂದು ಅವರಿಗೆ ಹೊಳೆದಿರಬೇಕು, ಮುಖ ಸಣ್ಣದಾಯಿತು. ಪರಿಚಾರಕ ಮಾತ್ರ ನನ್ನನ್ನೇ ನೋಡುತ್ತ ನಿಂತಿದ್ದ. ಗೇಟು ಕಾಯುವವನು ಹೋಗದೆ ಶವಪರೀಕ್ಷೆ ಯಾಕೆ ಶುರುವಾಗುವುದಿಲ್ಲ ಎಂದು ನಾನು ಕೇಳಲಿಲ್ಲ. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಅವರ ಹಿಂದೆಯೇ ಆಸ್ಪತ್ರೆಗೆ ಹೋದೆ.

ಶವಾಗಾರ ಆಸ್ಪತ್ರೆಯ ಹಿಂದೆ, ಜಾಲಿ ಬೆಳೆದ ಬಯಲಿನಲ್ಲಿತ್ತು. ಒಂದು ಕೋಣೆ, ಒಂದು ಬಾಗಿಲು, ಮೇಲೆ ತಗಡು. ಹೊರಗೆ ಸತ್ತವನ ಕಡೆಯವರು ನೆಲದ ಮೇಲೆ ಕುಳಿತಿದ್ದರು. ಟ್ರ್ಯಾಕ್ಟರ್ ಮಗುಚಿ ಸತ್ತ ಆಳು. ಅವನ ಅಣ್ಣ ಮಾತ್ರ ಗೋಡೆಗೆ ಕೈಯೂರಿ ನಿಂತಿದ್ದ. ವೈದ್ಯರು ಹೊಸ್ತಿಲ ಬಳಿ ಕುರ್ಚಿ ಹಾಕಿಸಿಕೊಂಡು ತೊಡೆಯ ಮೇಲೆ ಹಾಳೆ ಇಟ್ಟುಕೊಂಡಿದ್ದರು. ಪರಿಚಾರಕ ಇಸ್ತ್ರಿ ಅಂಗಿ ಕಳಚಿ ಗೂಟಕ್ಕೆ ಹಾಕಿ ಒಳಗೆ ಹೋದ.

ನಾನು ನೀರಿನ ತೊಟ್ಟಿಯ ನೆರಳಿನಲ್ಲಿ ನಿಂತೆ. ಅಲ್ಲಿಂದ ಒಳಗಿನದೇನೂ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ವೈದ್ಯರು ಎದ್ದು ಹೊಸ್ತಿಲಲ್ಲಿ ನಿಂತು ನೋಡುವರು, “ಎಡಗಡೆ ಪಕ್ಕೆ ತೋರ್ಸು,” ಎನ್ನುವರು, ಮತ್ತೆ ಕುಳಿತು ಬರೆದುಕೊಳ್ಳುವರು. ಒಳಗೆ ಸುತ್ತಿಗೆಯ ಸದ್ದು ಶುರುವಾದಾಗ ಅಣ್ಣ ಎರಡೂ ಕಿವಿ ಮುಚ್ಚಿಕೊಂಡು ಕುಸಿದು ಕುಳಿತ.

ಮುಗಿದ ಮೇಲೆ ಪರಿಚಾರಕ ಹೊರಗೆ ಬಂದು ಬಯಲಿನ ನಲ್ಲಿಗೆ ಹೋದ. ಕೋಣೆಯೊಳಗೆ ನೀರಿರಲಿಲ್ಲ. ಅವನು ಕಳಚಿ ಹಾಕಿದ ಕೈಗವಸುಗಳಲ್ಲಿ ಒಂದರ ಹೆಬ್ಬೆರಳು ಹರಿದಿತ್ತು. ಬಟ್ಟೆ ಒಗೆಯುವ ಸಾಬೂನಿನಲ್ಲಿ ಮೊಣಕೈವರೆಗೆ ಉಜ್ಜಿಕೊಂಡ. ಆಮೇಲೆ ನೇರವಾಗಿ ಆ ಅಣ್ಣನ ಹತ್ತಿರ ಹೋಗಿ, “ಬಟ್ಟಿಗೆ, ಸೋಪಿಗೆ ಏನರ ಕೊಡಪ,” ಎಂದು ಕೈಯೊಡ್ಡಿದ. ಅಣ್ಣ ಜೇಬಿನಲ್ಲಿದ್ದದ್ದನ್ನು ಎಣಿಸದೆ ಕೊಟ್ಟ.

ನನಗೆ ಮೈಯೆಲ್ಲ ಉರಿಯಿತು. ಅವನು ಬೀಡಿ ಹಚ್ಚಲು ತೊಟ್ಟಿಯ ಕಡೆ ಬಂದಾಗ ತಡೆಯಲಾಗಲಿಲ್ಲ. “ಸತ್ತೋರ ಮನಿಯೋರ ಮುಂದ ಕೈ ಒಡ್ಡೀರಲ್ಲ, ನಾಚಿಕಿ ಬರಂಗಿಲ್ಲೇನ್ರಿ?” ಎಂದುಬಿಟ್ಟೆ.

“ಬರ್ತೈತ್ರಿ,” ಎಂದ. ದನಿ ಎತ್ತಲಿಲ್ಲ, ಆದರೆ ಕಣ್ಣುಗಳು ಕೆಂಪಗಾಗಿದ್ದವು. “ಬರದ ಇರ್ತೈತೇನ್ರಿ? ಹೆಣ ಸುತ್ತೋ ಬಟ್ಟಿ ಕೊಡ್ರಿ ಅಂತ ಆಫೀಸ್ನಾಗ ಕೇಳೀನಿ. ಗೇಟ್ ಕಾಯೋನಿಗೆ ಹೆಣದ ಬಟ್ಟಿ ಯಾಕಲೇ ಅಂದ್ರು. ಸೋಪು ಕೇಳಿದೆ, ಅದಕ್ಕೂ ಹಂಗ ಅಂದ್ರು. ನರ್ಸಮ್ಮರಿಗೆ, ಲ್ಯಾಬಿನೋರಿಗೆ ಕಾಮಾಲಿ ಬರಬಾರ್ದಂತ ಸೂಜಿ ಹಾಕಿದ್ರು. ನಾನೂ ಲೈನ್ನಾಗ ನಿಂತೆ. ನಿನ್ನ ಹೆಸರು ಇದ್ರಾಗ ಬರಂಗಿಲ್ಲ, ನೀ ರೋಗಿನ ಮುಟ್ಟಂಗಿಲ್ಲಲ್ಲ ಅಂದ್ರು. ಖರೇನ ಐತ್ರಿ. ನಾ ರೋಗಿನ ಮುಟ್ಟಂಗಿಲ್ಲ.”

ಬೀಡಿ ಆರಿಹೋಗಿತ್ತು. ಮತ್ತೆ ಹಚ್ಚಿಕೊಂಡ.

“ನಾ ಆ ರೂಮಿನ್ಯಾಗ ಕಾಲಿಟ್ಟಿದ್ದು ಯಾವ ಕಾಗದದಾಗೂ ಇಲ್ರಿ. ಈಗ ನೀವ ಹೇಳ್ರಿ, ಬಟ್ಟಿ ಯಾರ್ನ ಕೇಳ್ಲಿ?”

ನನ್ನ ಚೀಲದಲ್ಲಿದ್ದ ಹಾಳೆಯೂ ಅದನ್ನೇ ಹೇಳುತ್ತಿತ್ತು. ಸಿಟ್ಟು ಹೋಗಲಿಲ್ಲ, ಆದರೆ ಅದು ಅವನ ಮೇಲೆ ಉಳಿಯಲಿಲ್ಲ. ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಹೊಸ ಹಾಳೆ ತೆಗೆದೆ. ಅವನು ಹೇಳುತ್ತ ಹೋದ, ನಾನು ಬರೆದುಕೊಂಡೆ. ಅಪ್ಪ ಇದೇ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದ; ಆ ಕೋಣೆಯ ಕೆಲಸವನ್ನೂ ಅವನೇ ಮಾಡುತ್ತಿದ್ದ. ಅಪ್ಪ ಸತ್ತ ಮೇಲೆ ಅನುಕಂಪದ ನೌಕರಿ ಮಗನಿಗೆ ಬಂತು, ನೌಕರಿಯ ಜೊತೆಗೆ ಕೋಣೆಯ ಕೀಲಿಯೂ ಬಂತು. ಕೀಲಿ ಬೇಡ ಎಂದರೆ ನೌಕರಿಯೂ ಇಲ್ಲ ಎಂದು ಆಗಿನವರು ಹೇಳಿದ್ದರಂತೆ. ಆ ಕೀಲಿಯನ್ನು ಎಂಥವರ ಮನೆಯ ಮಕ್ಕಳ ಕೈಗೆ ಕೊಡುತ್ತಾರೆ, ಎಂಥವರ ಮಕ್ಕಳಿಗೆ ಕೊಡುವುದಿಲ್ಲ ಎಂಬುದನ್ನು ಈ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆ ವೈದ್ಯರ ಕೋಣೆಗೆ ಹೋಗಿ ಹಾಳೆಯನ್ನು ಮುಂದಿಟ್ಟೆ. ಅವರು ಹರಪನಹಳ್ಳಿ ಕಡೆಯವರು, ಮೃದು ಮಾತಿನ ಮನುಷ್ಯ. ಎರಡು ಸಲ ಓದಿದರು.

“ನೀವು ಬರ್ದಿದ್ದರಲ್ಲಿ ಸುಳ್ಳಿಲ್ಲ ಮೇಡಂ,” ಎಂದರು. “ಆದ್ರೆ ಇದಕ್ಕೆ ನಾನು ಸಹಿ ಹಾಕಲ್ಲ. ನನ್ನ ವರದಿ ಮೇಲೆ ಕೊಲೆ ಕೇಸು ನಿಂತಿರ್ತವೆ. ದೇಹ ತೆರೆದೋರು ಯಾರು ಡಾಕ್ಟ್ರೇ ಅಂತ ವಕೀಲರು ಕೇಳ್ತಾರೆ. ನಾನು ಅಂತೀನಿ. ಆಗ ಈ ಕಾಗದ ತೆಗೆದು ತೋರಿಸಿದ್ರೆ ನಾನೂ ಹೋದೆ, ಕೇಸೂ ಹೋಯ್ತು.”

“ಹಂಗಾದ್ರ ನೀವೇ ಮಾಡಬಹುದಲ್ರಿ?”

“ಹೊರಗೆ ಲೈನ್ ನೋಡಿದ್ರಲ್ಲ. ಹೆರಿಗೆ ನಾನೇ, ಆಕ್ಸಿಡೆಂಟೂ ನಾನೇ. ನನಗೆ ಈ ಕೆಲಸ ಯಾರೂ ಕೈ ಹಿಡಿದು ಕಲಿಸಿಲ್ಲ. ಕಾಲೇಜಲ್ಲಿ ದೂರ ನಿಂತು ನೋಡಿದ್ದು. ಅಲ್ಲೂ ಕತ್ತರಿಸ್ತಿದ್ದೋನು ಇವನಂಥೋನೇ.”

ಕೋಪದಲ್ಲಿ ಎದ್ದು ಬಂದೆ. ಆದರೆ ಅವರು ಹೇಳಿದ್ದನ್ನು ತಳ್ಳಿಹಾಕಲೂ ಆಗಲಿಲ್ಲ. ತಪ್ಪು ಅವರೊಬ್ಬರದಾಗಿದ್ದರೆ ನನ್ನ ಕೆಲಸ ಎಷ್ಟೋ ಹಗುರವಾಗುತ್ತಿತ್ತು.

ಉಳಿದ ನಾಲ್ಕು ತಾಲ್ಲೂಕುಗಳಲ್ಲಿ ನಾನು ಮೊದಲು ಆಸ್ಪತ್ರೆಯ ಹಿತ್ತಿಲಿಗೆ ಹೋದೆ, ಆಮೇಲೆ ಕಚೇರಿಗೆ. ಎಲ್ಲ ಕಡೆಯೂ ಅದೇ ಕೋಣೆ, ಅದೇ ತಗಡು. ಒಂದು ಕಡೆ ಪರಿಚಾರಕ ತೀರಿಕೊಂಡು ಹುದ್ದೆ ಖಾಲಿ ಬಿದ್ದಿತ್ತು. ಹೆಣ ಬಂದಾಗ ಊರಿನಿಂದ ಒಬ್ಬನನ್ನು ಕರೆಸುತ್ತಿದ್ದರು, ಅವನ ಕೂಲಿಯನ್ನು ಸತ್ತವರ ಮನೆಯವರೇ ಕೊಡಬೇಕು. ಇನ್ನೊಂದು ಕಡೆ ಆ ಕೆಲಸ ಮಾಡುತ್ತಿದ್ದವಳು ಒಬ್ಬ ಹೆಂಗಸು. ಗಂಡ ಸತ್ತ ಮೇಲೆ ಕಸಗುಡಿಸುವ ಹುದ್ದೆ ಅವಳಿಗೆ ಬಂದಿತ್ತು, ಅದರ ಬಾಲವಾಗಿ ಕೀಲಿಯೂ.

“ಮೊದಲ್ನೇ ಸಲ ಹೆಂಗ ಮಾಡಿದ್ರಿ?” ಎಂದು ಕೇಳಿದೆ.

“ಮಾಡೋದಂದ್ರೇನಕ್ಕ,” ಎಂದಳು. “ಒಳಗ ಹೋಗಿ ಬಾಗ್ಲಾ ಹಾಕ್ಕೊಂಡು ಅತ್ತೆ. ಅಳೋದು ಮುಗೀತು, ಕೆಲಸ ಉಳದಿತ್ತು. ಮಾಡಿದೆ.”

ಅವಳ ಹಾಳೆಯ ಮೇಲೆ ಅಲ್ಲಿನ ವೈದ್ಯಾಧಿಕಾರಿ ಕೆಂಪು ಶಾಯಿಯಲ್ಲಿ ಬರೆದರು: ‘ಇಂಥ ಕೆಲಸ ಮಾಡುವ ಯಾವ ನೌಕರರೂ ಈ ಆಸ್ಪತ್ರೆಯಲ್ಲಿ ಇರುವುದಿಲ್ಲ.’ ಕೆಳಗೆ ದೊಡ್ಡ ಸಹಿ. ಅವಳು ಬಾಗಿಲ ಹೊರಗೇ ಪೊರಕೆ ಹಿಡಿದು ನಿಂತಿದ್ದಳು.

ಬೆಂಗಳೂರಿನಲ್ಲಿ ಸಮಿತಿಯ ಸಭೆಗೆ ಐದು ಹಾಳೆಗಳನ್ನು ತೆಗೆದುಕೊಂಡು ಹೋದೆ. ಅಂದು ಬೆಳಗಿನ ಹೊತ್ತೆಲ್ಲ ಹೋದದ್ದು ಶೀಘ್ರಲಿಪಿಗಾರರ ಪದನಾಮದ ಮೇಲೆ. ಅವರನ್ನು ‘ಆಪ್ತ ಸಹಾಯಕ’ ಎನ್ನಬೇಕೋ ‘ಆಪ್ತ ಕಾರ್ಯನಿರ್ವಾಹಕ’ ಎನ್ನಬೇಕೋ ಎಂದು. ಅವರ ಸಂಘದವರು ಹೂವಿನ ಹಾರ ತಂದಿದ್ದರು, ಸಮಿತಿಯವರಿಗೆ ಊಟದ ವ್ಯವಸ್ಥೆಯೂ ಅವರದೇ. ಯಾರ ಪದನಾಮ ಬದಲಾದರೂ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಸಂಘ ಇಲ್ಲದವರ, ಹಾರ ತರಲಾಗದವರ ಹಾಳೆಗಳು ಊಟವಾದ ಮೇಲೆ, ಎಲ್ಲರಿಗೂ ಕಣ್ಣು ಎಳೆಯುವ ಹೊತ್ತಿನಲ್ಲಿ ಬಂದವು.

ಸದಸ್ಯ ಕಾರ್ಯದರ್ಶಿಗಳು ನನ್ನ ಹಾಳೆಗಳನ್ನು ತಿರುವಿ, “ಮೇಲಧಿಕಾರಿಗಳ ಸಹಿ ಎಲ್ಲಿ?” ಎಂದರು.

“ಹಾಕಲು ನಿರಾಕರಿಸಿದ್ದಾರೆ ಸರ್. ಕಾರಣ ಬರೆದಿದ್ದೇನೆ.”

“ಸಹಿ ಇಲ್ಲದಿದ್ದರೆ ಹಾಳೆ ಇಲ್ಲ. ಬಹುಕಾರ್ಯ ಸಹಾಯಕರ ಗುಂಪಿಗೆ ಸೇರಿಸಿ.”

“ಆ ಗುಂಪಿಗೆ ಸೇರಿಸಿದರೆ ನಾಳೆ ಯಾವ ಸಹಾಯಕನ ಕೈಗಾದರೂ ಆ ಕೀಲಿ ಕೊಡಬಹುದು ಎಂದಾಗುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಯ ಸಹಾಯಕರಿಗೆ ಬೇರೆ ಹುದ್ದೆ ಇದೆ, ತರಬೇತಿ ಇದೆ, ಲಸಿಕೆ ಇದೆ. ಶವಾಗಾರದಲ್ಲಿ ಮಾತ್ರ ಏಕಿಲ್ಲ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೇಡಂ, ಅವರಿಗೆ ಅಲ್ಲೇ ಸಾಕಷ್ಟು ಸಿಗುತ್ತದೆ. ಹೊರಗೆ ಕಾಯುವವರಿಂದ ಎಷ್ಟು ವಸೂಲಿ ಮಾಡುತ್ತಾರೆ ಅಂತ ನಿಮಗೆ ಗೊತ್ತಿಲ್ಲ.”

ಯಾರೋ ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಹೆಣ ಸುತ್ತುವ ಬಟ್ಟೆಯನ್ನೂ ಕೊಡದೆ ಒಬ್ಬನನ್ನು ಭಿಕ್ಷೆಗೆ ನಿಲ್ಲಿಸಿದವರು, ಅವನು ಬೇಡಿದ್ದನ್ನೇ ಅವನ ಸಂಬಳ ಎಂದು ಲೆಕ್ಕ ಹಿಡಿದರು. ಒಂದೇ ಗುಂಪಿಗೆ ಸೇರಿಸಿದ್ದರಿಂದ, ‘ಕೆಲಸದ ಪರಿಸರ’ ಎಂಬ ಕಲಂನಲ್ಲಿ ಆ ಕೋಣೆಗೆ ಸಿಕ್ಕ ಅಂಕವೂ, ನಾವು ಕುಳಿತಿದ್ದ ತಣ್ಣನೆಯ ಸಭಾಂಗಣದಲ್ಲಿ ಚಹಾ ಹಂಚುತ್ತಿದ್ದ ಜವಾನನಿಗೆ ಸಿಕ್ಕ ಅಂಕವೂ ಒಂದೇ ಆಗಿತ್ತು.

ಹೊರಗೆ ಬಂದಾಗ ಸಮಿತಿಯ ಹಿರಿಯ ಸಿಬ್ಬಂದಿಯೊಬ್ಬರು ಒಂದು ದಾರಿ ಹೇಳಿಕೊಟ್ಟರು. ‘ಶವಪರೀಕ್ಷೆ ಮಾಡುತ್ತಾನೆ’ ಎಂದು ಬರೆಯಬೇಡಿ. ‘ವೈದ್ಯಾಧಿಕಾರಿಗಳಿಗೆ ನೆರವು ನೀಡುತ್ತಾನೆ’ ಎಂದು ಬರೆಯಿರಿ. ವೈದ್ಯರು ಸಹಿ ಹಾಕುತ್ತಾರೆ, ಹುದ್ದೆಯೂ ಆಗುತ್ತದೆ. ಬುದ್ಧಿವಂತ ಸಲಹೆ. ಬಸ್ಸಿನಲ್ಲಿ ಬರುವಾಗಲೇ ಹೊಸ ಹಾಳೆ ಬರೆದೆ.

ಮೃದು ಮಾತಿನ ವೈದ್ಯರು ಓದಿ, “ಇದಾದ್ರೆ ಆಗ್ಬಹುದು,” ಎಂದು ಪೆನ್ನು ತೆಗೆದರು. ಮೊದಲು ನೌಕರನ ಸಹಿ ಆಗಬೇಕಿತ್ತು. ಪರಿಚಾರಕನನ್ನು ಕರೆಸಿದೆವು. ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದ.

“ನೆರವು ಅಂದ್ರೇನ್ರಿ? ಕತ್ರಿ ಎತ್ತಿ ಕೈಗೆ ಕೊಡೋದಾ?”

“ಅದು ಬರಿಯೋ ರೀತಿ ಅಷ್ಟ,” ಎಂದೆ. “ಹಿಂಗ ಬರದ್ರ ನಿಮಗ ಹುದ್ದೆ ಆಗತೈತಿ.”

“ಸರ ಒಳಗ ಬರಂಗಿಲ್ಲ. ಅವರ ಮುಂದನ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ ಸರ. ನಾ ಯಾರಿಗೆ ನೆರವು ಮಾಡ್ಲಿ?” ಹಾಳೆಯನ್ನು ಮೇಜಿನ ಮೇಲಿಟ್ಟ. “ಇಷ್ಟ ವರ್ಷ ನಾ ಇಲ್ಲ ಅಂತ ಬರಕೊಂಡ್ರಿ. ಈಗ ಅರ್ಧ ಅದಾನ ಅಂತ ಬರಿತೀರಿ. ಇದಕ್ಕ ನಾ ಸಹಿ ಹಾಕಂಗಿಲ್ರಿ.”

“ಹಟ ಮಾಡಬ್ಯಾಡ್ರಿ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ.”

“ನನ್ನ ಒಳ್ಳೇದಕ್ಕ ಅಂತನ ಆ ಕೀಲಿ ಕೊಟ್ಟಿದ್ರು ರೀ ಅವತ್ತು.”

ಅವನು ಹೊರಟುಹೋದ. ವೈದ್ಯರು ಪೆನ್ನಿನ ಮುಚ್ಚಳ ಹಾಕಿ ಕಿಟಕಿಯ ಕಡೆ ತಿರುಗಿ ಕುಳಿತರು. ನನಗೆ ಅವನ ಮೇಲೆ ಸಿಟ್ಟು ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಇಷ್ಟು ಓಡಾಡಿ ತಂದದ್ದನ್ನು ಒಂದು ಶಬ್ದಕ್ಕಾಗಿ ಒದೆಯುತ್ತಾನಲ್ಲ ಎಂದು. ಲಾಡ್ಜಿಗೆ ಹೋಗಿ ಕುಳಿತಾಗ, ಅಂಥದೇ ಒಂದು ಶಬ್ದಕ್ಕಾಗಿ ಶೀಘ್ರಲಿಪಿಗಾರರು ಒಂದು ಬೆಳಗಿನ ಹೊತ್ತೆಲ್ಲ ವಾದಿಸಿದ್ದು ನೆನಪಾಯಿತು. ಅವರು ವಾದಿಸಿದರೆ ಅದು ಘನತೆಯ ಪ್ರಶ್ನೆ, ಇವನು ಕೇಳಿದರೆ ಹಟ. ಹಾಗೆಂದು ತೀರ್ಮಾನಿಸಿದವಳು ನಾನೇ.

ಸಮಿತಿಯ ಕಾರ್ಯವಿಧಾನದ ಕೈಪಿಡಿಯನ್ನು ಮೊದಲಿನಿಂದ ಓದತೊಡಗಿದೆ. ಕಾಡಿನ ಕಾವಲುಗಾರರಂಥ, ಮೇಲಧಿಕಾರಿಗಳು ಎಂದೂ ಹೋಗಿ ನೋಡದ ಹುದ್ದೆಗಳಿಗಾಗಿ ಮಾಡಿದ ಒಂದು ಅಂಶ ಅದರಲ್ಲಿತ್ತು. ಮೇಲಧಿಕಾರಿಯ ದೃಢೀಕರಣ ಸಿಗದಿದ್ದಲ್ಲಿ, ಕ್ಷೇತ್ರಾಧಿಕಾರಿ ಆ ಕೆಲಸವನ್ನು ಆರಂಭದಿಂದ ಕೊನೆಯವರೆಗೆ ಖುದ್ದಾಗಿ ನೋಡಿ, ತನ್ನ ಸಹಿಯಲ್ಲೇ ದೃಢೀಕರಿಸಬಹುದು. ಆರಂಭದಿಂದ ಕೊನೆಯವರೆಗೆ. ತೊಟ್ಟಿಯ ನೆರಳಿನಲ್ಲಿ ನಿಂತು ಕೇಳಿಸಿಕೊಂಡದ್ದು ಇದಕ್ಕೆ ಸಾಲದು.

ಹೆಣ ನೋಡಿದರೆ ತಲೆ ತಿರುಗುವವಳು ನಾನು. ನನ್ನ ತಾಯಿಯ ಮುಖವನ್ನೂ ಕೊನೆಯ ಸಲ ನೋಡಲಾಗದೆ ಪಕ್ಕದ ಕೋಣೆಯಲ್ಲಿ ಕುಳಿತಿದ್ದೆ. ಆದರೂ ಬೆಳಿಗ್ಗೆ ವೈದ್ಯರ ಬಳಿ ಹೋಗಿ, ಒಳಗೆ ನಿಲ್ಲಲು ಅನುಮತಿ ಕೇಳಿದೆ.

ಅವರು ಎದ್ದು ಬಾಗಿಲು ಮುಂದಕ್ಕೆ ಮಾಡಿ ಬಂದು ಕುಳಿತರು. “ನೀವು ನೋಡಿದ್ದನ್ನ ಬರ್ದ್ರೆ ನನಗೆ ತೊಂದ್ರೆ ಆಗುತ್ತೆ.”

“ಗೊತ್ತೈತಿ. ಅದಕ್ಕ ಕೇಳಾಕ ಬಂದೀನಿ. ನೀವು ಬ್ಯಾಡ ಅಂದ್ರ ಹೋಗತೀನಿ.”

“ಬರ್ರಿ,” ಎಂದರು ಕೊನೆಗೆ. “ಹೆಚ್ಚು ಬರೀಬೇಡಿ, ಕಡಿಮೆನೂ ಬರೀಬೇಡಿ.”

ಅದಾದ ಕೆಲವು ದಿನಗಳಲ್ಲಿ ಕರೆ ಬಂತು. ರಸ್ತೆ ಬದಿಯಲ್ಲಿ ಸಿಕ್ಕ ಗುರುತು ಗೊತ್ತಿಲ್ಲದ ಮುದುಕ. ಪೊಲೀಸರು ವಾರಸುದಾರರನ್ನು ಹುಡುಕಿ, ಯಾರೂ ಬಾರದೆ ಇಲ್ಲಿಗೆ ತಂದಿದ್ದರು. ಪರಿಚಾರಕ ನನಗೆ ಒಂದು ಜೊತೆ ಚಪ್ಪಲಿ ಕೊಟ್ಟು, “ಗ್ವಾಡಿಗೆ ಬೆನ್ನು ಹಚ್ಚಿ ನಿಂದರ್ರಿ. ತಲಿ ತಿರುಗಿದ್ರ ಕುಂದರ್ರಿ, ಬೀಳಬ್ಯಾಡ್ರಿ,” ಎಂದ.

ನಾನು ನಿಂತೆ. ನೋಡಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಸತ್ತ ಆ ಮುದುಕನಿಗೆ ಅಷ್ಟು ಮರ್ಯಾದೆ ಸಲ್ಲಬೇಕು. ಹಾಳೆಯಲ್ಲಿ ಬರೆದದ್ದನ್ನಷ್ಟೇ ಹೇಳುತ್ತೇನೆ. ಚಾಕು ಬಜಾರದಲ್ಲಿ ಕೊಂಡದ್ದು. ಹೊಲಿದದ್ದು ಗೋಣಿಚೀಲ ಹೊಲಿಯುವ ದಬ್ಬಣದಲ್ಲಿ. ನೀರು ಬಕೀಟಿನಲ್ಲಿ ಹೊರಗಿನಿಂದ ತಂದದ್ದು. ಗಾಳಿಯಾಡಲು ಒಂದು ಸಣ್ಣ ಜಾಲರಿ. ವೈದ್ಯರು ಹೊಸ್ತಿಲಲ್ಲಿ ನಿಂತು ಕೇಳಿದರು, ಅವನು ತೋರಿಸಿದ, ಅವರು ಬರೆದುಕೊಂಡರು. ನಡುವೆ ಒಮ್ಮೆ ಅವನು “ಹಾ” ಎಂದು ಕೈ ಹಿಂದೆಳೆದುಕೊಂಡ. ದಬ್ಬಣ ಕೈಗವಸನ್ನು ದಾಟಿ ಬೆರಳಿಗೆ ಹೋಗಿತ್ತು. ರಕ್ತವನ್ನು ಹಿಂಡಿ, ಬಕೀಟಿನ ನೀರಿನಲ್ಲಿ ಅದ್ದಿ, ಮತ್ತೆ ಹೊಲಿಯತೊಡಗಿದ.

“ನಿಲ್ಸು,” ಎಂದರು ವೈದ್ಯರು.

“ಇನ್ನ ಸ್ವಲ್ಪ ಐತ್ರಿ ಸರ.”

“ನಿಲ್ಸು ಅಂದೆ.” ಅವರು ಒಳಗೆ ಬಂದರು, ಅವನ ಕೈ ಹಿಡಿದು ನೋಡಿದರು. ನನ್ನ ಕಡೆ ತಿರುಗಿದರು. “ಇದನ್ನೂ ಬರ್ಕೊಳ್ರಿ,” ಎಂದರು. ಆ ದಿನವೇ ಅವನಿಗೆ ಹಾಕಬೇಕಾದ ಚುಚ್ಚುಮದ್ದನ್ನು ತಮ್ಮ ಹೆಸರಿನಲ್ಲಿ ತರಿಸಿ ಹಾಕಿದರು. ಅವನ ಹೆಸರಿನಲ್ಲಿ ತರಿಸಲು ಅವನಿಗೆ ಗಾಯವಾಗಿದ್ದು ಎಲ್ಲಿ ಎಂದು ಬರೆಯಬೇಕಾಗುತ್ತಿತ್ತು.

ಮುದುಕನಿಗಾಗಿ ಹೊರಗೆ ಯಾರೂ ಕಾದಿರಲಿಲ್ಲ. ಬಟ್ಟೆಯನ್ನು ಪರಿಚಾರಕ ಮನೆಯಿಂದ ತಂದಿದ್ದ, ಹೆಂಡತಿಯ ಹಳೆಯ ಸೀರೆ. ಮಣ್ಣು ಮಾಡಲು ಪುರಸಭೆಯವರ ಜೊತೆ ಅವನೂ ಹೋದ. ನಾನು ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಹಾಳೆ ತುಂಬಿ, ‘ಖುದ್ದಾಗಿ ನೋಡಿದ್ದೇನೆ’ ಎಂದು ಬರೆದು ಸಹಿ ಹಾಕಿದೆ. ಅವನು ವಾಪಸು ಬಂದು ಪೂರ್ತಿ ಓದಿ, ತಾನೂ ಹಾಕಿದ.

ಆ ಹಾಳೆಯನ್ನು ಹಿಂತೆಗೆದುಕೊಳ್ಳುವಂತೆ ಸದಸ್ಯ ಕಾರ್ಯದರ್ಶಿಗಳು ನನಗೆ ಎರಡು ಸಲ ಹೇಳಿದರು. ಮೊದಲು ಸಮಾಧಾನದಿಂದ, ಆಮೇಲೆ ಹಾಗಲ್ಲದೆ. “ನ್ಯಾಯಾಲಯಕ್ಕೆ ಹೋದರೆ ಇಡೀ ರಾಜ್ಯದ ಶವಪರೀಕ್ಷೆಗಳ ಬಗ್ಗೆ ಪ್ರಶ್ನೆ ಏಳುತ್ತದೆ. ಯೋಚನೆ ಮಾಡಿದ್ದೀರಾ?”

“ಪ್ರಶ್ನೆ ಏಳಲಿ ಸರ್. ಏಳಬೇಕಾದದ್ದೇ.”

ಒಂದು ವಾರದೊಳಗೆ ನನ್ನನ್ನು ಮಾತೃ ಇಲಾಖೆಗೆ ವಾಪಸು ಕಳಿಸುವ ಆದೇಶ ಬಂತು. ‘ಆಡಳಿತಾತ್ಮಕ ಕಾರಣ’ ಎಂದಿತ್ತು. ಆದರೆ ದೃಢೀಕರಣ ನಿಯಮದ ಪ್ರಕಾರವೇ ಆಗಿದ್ದರಿಂದ ಹಾಳೆಯನ್ನು ಕಡತದಿಂದ ಕಿತ್ತುಹಾಕಲು ಅವರಿಗಾಗಲಿಲ್ಲ. ವರದಿಯಲ್ಲಿ ‘ಶವಾಗಾರ ಸಹಾಯಕ’ ಎಂಬ ಹೊಸ ಹುದ್ದೆ ಬಂತು. ಗ್ರೂಪ್ ಸಿ, ಮೇಲಿನ ಶ್ರೇಣಿ, ಲಸಿಕೆ, ಸಲಕರಣೆ, ಎಲ್ಲ. ಓದಿ ಸಂತೋಷವಾಯಿತು. ಪುಟ ತಿರುವಿದೆ. ವಿದ್ಯಾರ್ಹತೆ: ವಿಜ್ಞಾನ ವಿಷಯದಲ್ಲಿ ಪಿಯುಸಿ. ವಯಸ್ಸು: ಹೊಸ ನೇಮಕಾತಿಗೆ ಇರುವ ಮಿತಿ. ಹುದ್ದೆ ಭರ್ತಿಯಾಗುವವರೆಗೆ ‘ಈಗಿರುವ ವ್ಯವಸ್ಥೆ’ ಮುಂದುವರಿಯತಕ್ಕದ್ದು.

ಈಗಿರುವ ವ್ಯವಸ್ಥೆ ಎಂದರೆ ಅವನು, ಅವಳು. ಅವರು ಆ ಕೋಣೆಯಲ್ಲಿ ನಿಂತು ದುಡಿದದ್ದರಿಂದ ಹುಟ್ಟಿದ ಹುದ್ದೆಗೆ ಅವರೇ ಅನರ್ಹರು. ಆ ಪುಟವನ್ನು ಯಾರು ಬರೆದರೋ ಗೊತ್ತಿಲ್ಲ. ಬರೆಯುವಾಗ ಅವರ ಕಣ್ಣ ಮುಂದೆ ಒಬ್ಬ ಮನುಷ್ಯನ ಮುಖವೂ ಬಂದಿರಲಾರದು.

ಆಕ್ಷೇಪಣೆ ಸಲ್ಲಿಸಲು ಅವಕಾಶವಿತ್ತು. ಈಗಾಗಲೇ ಆ ಕೆಲಸ ಮಾಡುತ್ತಿರುವವರಿಗೆ ಒಂದು ಸಲಕ್ಕೆ ವಿದ್ಯಾರ್ಹತೆ, ವಯಸ್ಸು ಎರಡನ್ನೂ ಸಡಿಲಿಸಬೇಕು ಎಂದು ನಾನು ಕರಡು ಬರೆದೆ. ಆದರೆ ನಾನೀಗ ಸಮಿತಿಯವಳಲ್ಲ, ನನ್ನ ಸಹಿಗೆ ಬೆಲೆಯಿರಲಿಲ್ಲ. ಕರಡನ್ನು ಹಿಡಿದು ವೈದ್ಯರ ಬಳಿಗೆ ಹೋದೆ. ಈ ಸಲ ಅವರು ಒಂದೇ ಸಲ ಓದಿದರು. ‘ಶವಪರೀಕ್ಷೆಯಲ್ಲಿ ದೇಹ ತೆರೆಯುವ ಕೆಲಸವನ್ನು ನನ್ನ ಸಮ್ಮುಖದಲ್ಲಿ ಈ ನೌಕರರೇ ಮಾಡುತ್ತಿದ್ದಾರೆ’ ಎಂಬ ಸಾಲನ್ನು ತಮ್ಮ ಕೈಯಿಂದಲೇ ಸೇರಿಸಿದರು. ಸಹಿ, ಮೊಹರು.

“ಕೇಸಿನ ಗತಿ ಏನ್ರಿ?” ಎಂದೆ.

“ನಾನು ಎದುರಿಗಿದ್ದೆ, ನೋಡಿದ್ದೆ, ಅಭಿಪ್ರಾಯ ನನ್ನದು. ಕೋರ್ಟಲ್ಲಿ ಹಂಗೇ ಹೇಳ್ತೀನಿ. ಹೇಳೋಕೆ ಇಷ್ಟು ವರ್ಷ ಬೇಕಾಯ್ತು.”

ಅವರಿಗೆ ಕಾರಣ ಕೇಳುವ ನೋಟಿಸು ಬಂತು, ಬಡ್ತಿ ನಿಂತಿತು. ನೌಕರರಿಗಾಗಿ ಕೇಳಿದ್ದ ವಿನಾಯಿತಿಯೂ ಬಂತು. ಆದರೆ ಒಂದು ಷರತ್ತಿನೊಂದಿಗೆ: ಆ ನೌಕರ ಆ ಕೆಲಸ ಮಾಡುತ್ತಿದ್ದಾನೆಂದು ಅವನ ಆಸ್ಪತ್ರೆಯ ವೈದ್ಯಾಧಿಕಾರಿಯೇ ಗಡುವಿನೊಳಗೆ ಪ್ರಮಾಣಪತ್ರ ಕೊಡಬೇಕು. ನಮ್ಮ ಪರಿಚಾರಕನಿಗೆ ಆದೇಶ ಬಂತು. ಕೆಂಪು ಶಾಯಿಯವರ ಆಸ್ಪತ್ರೆಯ ಆ ಹೆಂಗಸಿಗೆ ಪ್ರಮಾಣಪತ್ರ ಸಿಗಲಿಲ್ಲ. ನಾನು ಹೋಗಿ ಕೇಳಿದೆ, ಬೇಡಿಕೊಂಡೆ, ಕೊನೆಗೆ ಜಗಳವನ್ನೂ ಆಡಿದೆ. ಅವರು ಗಡಿಯಾರ ನೋಡಿಕೊಂಡರು.

ಈಚೆ ಒಂದು ದಿನ ನಮ್ಮ ವೈದ್ಯರು ಫೋನ್ ಮಾಡಿದರು. ಪರಿಚಾರಕ ನೌಕರಿಗೆ ಸೇರಿದ ಮೇಲೆ ಮೊದಲ ಸಲ ನಾಲ್ಕು ದಿನ ಒಟ್ಟಿಗೆ ರಜೆ ಹಾಕಿ ಇಟ್ಟಿಗಿ ಎಂಬ ಊರಿನಲ್ಲಿರುವ ಮಗಳ ಮನೆಗೆ, ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಾನೆ. ಹುದ್ದೆ ಇದೆ ಎಂದ ಮೇಲೆ ರಜೆಯಲ್ಲಿ ಬದಲಿ ಕೊಡಲೇಬೇಕು. ಪಕ್ಕದ ತಾಲ್ಲೂಕಿನ ಆಸ್ಪತ್ರೆಗೆ ಬರೆದಿದ್ದರು. ಇಂಥ ಕೆಲಸ ಮಾಡುವ ಯಾವ ನೌಕರರೂ ತಮ್ಮಲ್ಲಿ ಇಲ್ಲ ಎಂದಿದ್ದ ಅದೇ ವೈದ್ಯಾಧಿಕಾರಿ, ಮರುದಿನ ಬೆಳಗಿನ ಬಸ್ಸಿಗೆ ಆ ಹೆಂಗಸನ್ನು ಕಳಿಸಿದ್ದರು.

“ಬಂದು ಎರಡು ಕೇಸು ಮುಗಿಸಿಕೊಟ್ರು. ಅವ್ರ ಆದೇಶದಲ್ಲಿ ಕಸಗುಡಿಸೋರು ಅಂತ ಐತೆ. ಹಾಜರಿ ಪತ್ರದಲ್ಲಿ ನಾನು ಏನಂತ ಬರೀಲಿ ಮೇಡಂ?”

“ಏನು ಮಾಡಿದ್ರೋ ಅದನ್ನ ಬರೀರಿ.”

ಅವರು ಬರೆದುಕೊಟ್ಟರು. ಅದನ್ನು ಸೇರಿಸಿ ಆಕೆಯ ಪರವಾಗಿ ಮನವಿ ಕಳಿಸಿದೆವು. ಗಡುವು ಮುಗಿದಿರುವುದರಿಂದ ಪರಿಗಣಿಸಲು ಬರುವುದಿಲ್ಲ ಎಂದು ಹಿಂಬರಹ ಬಂತು. ನಾಲ್ಕೇ ಸಾಲು. ಅದನ್ನು ಆಕೆಗೆ ಯಾವ ಮಾತಿನಲ್ಲಿ ತಿಳಿಸಬೇಕೆಂದು ತೋಚದೆ, ಮತ್ತೆ ಮೇಲ್ಮನವಿ ಹಾಕೋಣ ಎಂದಾದರೂ ಹೇಳಬೇಕೆಂದು ಫೋನ್ ಮಾಡಿದೆ. ಎತ್ತಿದವನು ಅವಳ ಆಸ್ಪತ್ರೆಯ ಗೇಟಿನವ.

“ಅಕ್ಕ ಫೋನು ನನ್ನ ಕೈಯಾಗ ಕೊಟ್ಟು ಹೋಗ್ಯಾಳ್ರಿ,” ಎಂದ. “ಒಳಗದಾಳ. ಪೊಲೀಸ್ನೋರು ಬಂದಾರ. ಹೊರಗ ಬರಾಕ ಹೊತ್ತಾಗತೈತಿ.”